ಪೆಟ್ಟಿಗೆಯೊಳಗೊಂದು ಸೂರ್ಯ

ಡಿಸೆಂಬರ್ ತಿಂಗಳಲ್ಲಿ ಲಂಡನ್ನಿನ ಸೂರ್ಯ ಬೆಳಿಗ್ಗೆ ಎಂಟರ ಸುಮಾರಿಗೆ ಹುಟ್ಟಿ, ಸಂಜೆ ನಾಲ್ಕಾಗುವ ಮೊದಲೇ ಮುಳುಗಿಬಿಡುತ್ತಾನೆ. ಅದೇ ಊರಿನ ಎಷ್ಟೋ ಮನೆಗಳ ಮೂಲೆಯಲ್ಲಿ, ಮರದ ದೊಡ್ಡ ಪೆಟ್ಟಿಗೆಯೊಳಗೆ, ಇನ್ನೊಬ್ಬ ಸೂರ್ಯ ಹನ್ನೆರಡು ತಾಸು ತಪ್ಪದೆ ಬೆಳಗುತ್ತಿರುತ್ತಾನೆ. ಅವನ ಉದಯಾಸ್ತಗಳನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಟೈಮರು ನೋಡಿಕೊಳ್ಳುತ್ತದೆ. ದೀಪದ ಕೆಳಗೆ ಚಪ್ಪಟೆ ಕಲ್ಲು, ಕಲ್ಲಿನ ಮೇಲೆ ಕಾಲು ಚಾಚಿ ಕತ್ತು ನೀಡಿ ಮಲಗಿದ ಹರ್ಮನ್ ಆಮೆ. ಇಟಲಿ, ಗ್ರೀಸ್, ಬಾಲ್ಕನ್ ದೇಶಗಳ ಒಣ ಗುಡ್ಡಗಳಿಗೆ ಸೇರಿದ ಜಾತಿ ಅದು. ತವರಿನಲ್ಲಿದ್ದರೆ ಈ ಹೊತ್ತಿಗೆ ಮಣ್ಣಿನೊಳಗೆ ನಿದ್ದೆ ಹೋಗಿರುತ್ತಿತ್ತು. ಇಲ್ಲಿ ಅದರ ಹಗಲು, ಇರುಳು, ಮಣ್ಣು, ಮಳೆ ಎಲ್ಲವೂ ಸಾಕಿದವರು ಕೊಟ್ಟದ್ದು.

ಬೆಳೆಯುವ ಆಮೆಗೆ ಮನೆಯೊಳಗೆ ಆವರಣ ಕಟ್ಟುವುದು ಮೇಲ್ನೋಟಕ್ಕೆ ಬಡಗಿ ಕೆಲಸ, ಜೊತೆಗೆ ಒಂದಿಷ್ಟು ಕರೆಂಟಿನ ಕೆಲಸ. ಆದರೆ ಅದಕ್ಕೆ ಕೈ ಹಾಕಿದವರ ಮುಂದೆ ಬೇಗನೆ ಬೇರೊಂದು ಪ್ರಶ್ನೆ ಬಂದು ನಿಲ್ಲುತ್ತದೆ. ಒಂದು ಜೀವಕ್ಕೆ ಇಡೀ ಲೋಕವನ್ನೇ ಕಟ್ಟಿಕೊಡುವವನು ಆ ಜೀವಕ್ಕೆ ಎಷ್ಟರ ಮಟ್ಟಿಗೆ, ಎಲ್ಲಿಯವರೆಗೆ ಬಾಧ್ಯ? ಸೃಷ್ಟಿಕರ್ತನನ್ನು ಕುರಿತು ಧರ್ಮಗಳು ಬಹುಕಾಲದಿಂದ ಕೇಳುತ್ತ ಬಂದ ಪ್ರಶ್ನೆ ಇದು. ಆಮೆ ಸಾಕುವ ಮನೆಯಲ್ಲಿ ಇದನ್ನು ಮನುಷ್ಯನಿಗೇ ಕೇಳಬೇಕಾಗುತ್ತದೆ.

ಆ ಲೋಕ ಕಟ್ಟುವುದು ಎಷ್ಟು ಕಷ್ಟ ಎಂಬುದನ್ನು ಮೊದಲು ನೋಡಬೇಕು. ಆಮೆಯ ಚರ್ಮದಲ್ಲಿರುವ ಕೊಲೆಸ್ಟ್ರಾಲ್ ಸಂಬಂಧದ ವಸ್ತುವೊಂದರ ಮೇಲೆ 290ರಿಂದ 315 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಕಿರಣ ಬಿದ್ದಾಗ ಅದು ಬದಲಾಗಿ, ಮೈಯ ಬಿಸಿಯಲ್ಲಿ ಡಿ3 ಜೀವಸತ್ವವಾಗುತ್ತದೆ. ಅದಿಲ್ಲದಿದ್ದರೆ ತಿಂದ ಆಹಾರದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಚಿಪ್ಪು ಮೆತ್ತಗಾಗುತ್ತದೆ, ಕಾಲಿನ ಎಲುಬು ಬಾಗುತ್ತದೆ. ಕಿಟಕಿ ಪಕ್ಕದಲ್ಲಿಟ್ಟರೆ ಸಾಕಷ್ಟು ಬಿಸಿಲು ಸಿಕ್ಕೀತು ಎಂದು ಅನೇಕರು ನಂಬುತ್ತಾರೆ, ಆದರೆ ಕಿಟಕಿಯ ಗಾಜು ಈ ಕಿರಣಗಳನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಈ ಕಿರಣಗಳನ್ನು ಸೂಸುವ ಯುವಿಬಿ ದೀಪ ಬೇಕೇ ಬೇಕು. ಆ ದೀಪಕ್ಕೂ ಆಯಸ್ಸಿದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಅತಿನೇರಳೆ ಕಿರಣ ಕುಂದುತ್ತದೆ, ಕಣ್ಣಿಗೆ ಕಾಣುವ ಬೆಳಕು ಮಾತ್ರ ಮೊದಲಿನಂತೆಯೇ ಇರುತ್ತದೆ. ನೋಡುವವರಿಗೆ ಎಲ್ಲವೂ ಸರಿಯಾಗಿದೆ ಅನ್ನಿಸುವಾಗಲೇ ಆಮೆಯ ಪಾಲಿಗೆ ಸೂರ್ಯ ಮುಳುಗಿಹೋಗಿರುತ್ತಾನೆ. ದೀಪ ಬದಲಿಸಿದ ತಾರೀಖನ್ನು ಬರೆದಿಟ್ಟುಕೊಳ್ಳುವುದು ಇಲ್ಲಿ ಪೂಜೆಯಷ್ಟೇ ನೇಮದಿಂದ ನಡೆಯಬೇಕಾದ ಕೆಲಸ.

ಆಮೆ ನಮ್ಮಂತೆ ಒಳಗಿನಿಂದ ಮೈ ಬೆಚ್ಚಗಿಟ್ಟುಕೊಳ್ಳುವ ಪ್ರಾಣಿಯಲ್ಲ. ಆದ್ದರಿಂದ ಆವರಣದ ಒಂದು ತುದಿ 32ರಿಂದ 35 ಡಿಗ್ರಿ ಬಿಸಿ ಇರಬೇಕು, ಇನ್ನೊಂದು ತುದಿ 20ರ ಆಸುಪಾಸಿನಲ್ಲಿ ತಂಪಾಗಿರಬೇಕು. ಎಲ್ಲಿಗೆ ಯಾವಾಗ ಹೋಗಬೇಕೆಂದು ತೀರ್ಮಾನಿಸುವುದು ಆಮೆ. ಎರಡಡಿಯ ತೊಟ್ಟಿಯಲ್ಲಿ ಇದು ಸಾಧ್ಯವೇ ಇಲ್ಲ, ದೀಪ ಹಚ್ಚಿದರೆ ತೊಟ್ಟಿಯೆಲ್ಲ ಕಾಯುತ್ತದೆ, ಆರಿಸಿದರೆ ಎಲ್ಲ ತಣ್ಣಗಾಗುತ್ತದೆ. ಬೆಳೆದ ಹರ್ಮನ್ ಆಮೆಯ ಉದ್ದ ಹೆಚ್ಚು ಕಡಿಮೆ ಒಂದು ಗೇಣು. ಅಂಥದಕ್ಕೆ ಎಂಟಡಿ ಉದ್ದ, ನಾಲ್ಕಡಿ ಅಗಲದ ಜಾಗ ಬೇಕೆಂದು ಬಲ್ಲವರು ಹೇಳುವುದು ದೊಡ್ಡಸ್ತಿಕೆಗಲ್ಲ. ಜಾಗ ಇದ್ದಲ್ಲಿ ಮಾತ್ರ ಆಯ್ಕೆ ಇರುತ್ತದೆ. ಸೆರೆಯಲ್ಲಿರುವ ಜೀವಕ್ಕೆ ಉಳಿಯುವ ಸ್ವಾತಂತ್ರ್ಯ ಅಷ್ಟೇ ಆದ್ದರಿಂದ, ಅದನ್ನೂ ಕಿತ್ತುಕೊಳ್ಳುವ ಪೆಟ್ಟಿಗೆಯನ್ನು ಮನೆ ಎಂದು ಕರೆಯಲಾಗದು.

ಮಣ್ಣಿನ ವಿಷಯ ಇನ್ನೂ ಸೂಕ್ಷ್ಮ. ಸಾಕಿದ ಆಮೆಗಳ ಬೆನ್ನಿನ ಚಿಪ್ಪು ಸಮವಾಗಿ ಬೆಳೆಯದೆ ಒಂದೊಂದು ಫಲಕವೂ ಗೋಪುರದಂತೆ ಎದ್ದು ನಿಲ್ಲುವುದು ಸಾಮಾನ್ಯ. ಪ್ರೋಟೀನು ಹೆಚ್ಚಾದದ್ದೇ ಇದಕ್ಕೆ ಕಾರಣ ಎಂಬ ನಂಬಿಕೆ ಬಹುಕಾಲ ಇತ್ತು. ಆಫ್ರಿಕಾದ ಸಲ್ಕಾಟಾ ಆಮೆಯ ಮರಿಗಳನ್ನು ಬೇರೆ ಬೇರೆ ತೇವದಲ್ಲಿ, ಬೇರೆ ಬೇರೆ ಆಹಾರ ಕೊಟ್ಟು ಬೆಳೆಸಿ ನೋಡಿದ ವೀಸ್ನರ್ ಮತ್ತು ಇಬೆನ್ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನ, ಗಾಳಿಯ ತೇವ ಕಡಿಮೆಯಾಗುವುದೇ ಹೆಚ್ಚಿನ ಕಾರಣವೆಂದು ತೋರಿಸಿತು. ಮರುಭೂಮಿಯ ಅಂಚಿನ ಪ್ರಾಣಿಗೆ ಒಣಗಾಳಿ ಒಗ್ಗುತ್ತದೆ ಎಂದುಕೊಂಡವರಿಗೆ ಇದು ಅಚ್ಚರಿ. ಕಾಡಿನಲ್ಲಿ ಆಮೆಮರಿ ಹಗಲೆಲ್ಲ ಬಯಲಲ್ಲಿ ಕೂರುವುದಿಲ್ಲ, ಬೇರಿನ ಸಂದಿಯಲ್ಲಿ, ತೇವದ ಮಣ್ಣಿನಲ್ಲಿ, ಬಿಲದಲ್ಲಿ ಹುದುಗಿರುತ್ತದೆ. ಅದಕ್ಕೇ ಈಗ ಮರಿಗಳ ಆವರಣಕ್ಕೆ ಮಣ್ಣಿನ ಜೊತೆ ತೆಂಗಿನ ನಾರಿನ ಪುಡಿ ಬೆರೆಸಿ, ನೀರು ಚಿಮುಕಿಸಿ, ಹುದುಗಿಕೊಳ್ಳುವಷ್ಟು ದಪ್ಪಗೆ ಹಾಸುತ್ತಾರೆ. ದಕ್ಷಿಣ ಭಾರತ, ಶ್ರೀಲಂಕಾಗಳ ತೆಂಗಿನ ನಾರು ಹಡಗು ಹತ್ತಿ ಹೋಗಿ ಮೆಡಿಟರೇನಿಯನ್ ಮೂಲದ ಪ್ರಾಣಿಗೆ ಇಂಗ್ಲೆಂಡಿನಲ್ಲಿ ನೆಲವಾಗುತ್ತದೆ.

ಗೋಡೆಯ ಮಾತೂ ಇದೆ. ಗಾಜಿನ ತೊಟ್ಟಿ ನೋಡುವವರಿಗೆ ಚೆಂದ. ಆದರೆ ಗಾಜು ಎಂಬ ಅಡ್ಡಿ ಆಮೆಗೆ ಅರ್ಥವಾಗುವುದಿಲ್ಲ. ಆಚೆ ಕಾಣುವ ಕಡೆಗೆ ಹೋಗಲು ಗಂಟೆಗಟ್ಟಲೆ ಮೂಗು ತಿಕ್ಕುತ್ತ, ಮುಂಗಾಲಿನಿಂದ ಕೆರೆಯುತ್ತ ಇರುತ್ತದೆ. ಆಚೆ ಕಾಣದ ಮರದ ಗೋಡೆ ಕಟ್ಟಿದರೆ ಈ ಕೆರೆತ ಎಷ್ಟೋ ಕಡಿಮೆಯಾಗುತ್ತದೆ. ಒಂದು ಕಷ್ಟದ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ. ಆಮೆ ಈಗ ಸಮಾಧಾನವಾಗಿದೆಯೋ, ಅಥವಾ ಹೊರಗೊಂದು ಲೋಕವಿದೆ ಎಂಬ ಸುಳಿವನ್ನೇ ಅದರಿಂದ ಮುಚ್ಚಿಟ್ಟಿದ್ದೇವೆಯೋ?

ಈ ಪ್ರಶ್ನೆಯನ್ನು ಎದುರಿಸಿದವರಲ್ಲಿ ಹದಿನೆಂಟನೇ ಶತಮಾನದ ಇಂಗ್ಲಿಷ್ ಪಾದ್ರಿ ಗಿಲ್ಬರ್ಟ್ ವೈಟ್ ಮುಖ್ಯರು. ಅವರ ಸೋದರತ್ತೆ ರೆಬೆಕಾ ಸ್ನೂಕ್ ಸಸೆಕ್ಸ್ ಸೀಮೆಯ ರಿಂಗ್‌ಮರ್‌ನಲ್ಲಿ ಗೋಡೆ ಸುತ್ತಿದ ಅಂಗಳದೊಳಗೆ ಸುಮಾರು ನಾಲ್ಕು ದಶಕ ಒಂದು ಆಮೆಯನ್ನು ಸಾಕಿದ್ದರು. 1780ರಲ್ಲಿ ಆಕೆ ತೀರಿಕೊಂಡಾಗ ವೈಟ್ ಅದನ್ನು ಮಣ್ಣಿನಿಂದ ಎಬ್ಬಿಸಿ, ಕುದುರೆಗಾಡಿಯಲ್ಲಿ ತಮ್ಮ ಊರು ಸೆಲ್ಬೋರ್ನ್‌ಗೆ ತಂದರು. ಹೆಸರು ತಿಮೋತಿ. ವೈಟ್ ಅದನ್ನು ತೂಗಿದರು, ಯಾವ ದಿನ ಮಣ್ಣಿಗಿಳಿಯಿತು, ಯಾವ ದಿನ ಎದ್ದಿತು ಎಂದು ಬರೆದಿಟ್ಟರು. ಶರತ್ಕಾಲದ ಎಳೆಬಿಸಿಲಿನಲ್ಲಿ ಅದು ಹಣ್ಣಿನ ಗಿಡಗಳ ಗೋಡೆಗೆ ಚಿಪ್ಪನ್ನು ಓರೆಯಾಗಿ ಆನಿಸಿ, ಗೋಡೆಯಿಂದ ಚಿಮ್ಮುವ ಬಿಸಿಯನ್ನೂ ಹೀರಿಕೊಳ್ಳುತ್ತಿತ್ತು. ಇಂದು ದೀಪದ ಕೆಳಗೆ ಚಪ್ಪಟೆ ಕಲ್ಲಿಡುವವರು ವಿಜ್ಞಾನದ ಪುಸ್ತಕ ಓದಿ ಕಲಿತದ್ದನ್ನು ತಿಮೋತಿ ತಾನೇ ಮಾಡುತ್ತಿತ್ತು.

ವೈಟ್ ಅವರನ್ನು ಕಾಡಿದ ಚಿಂತೆ ದೇವರದು. ಬದುಕಿನ ಬಹುಪಾಲನ್ನು ಮಣ್ಣಿನೊಳಗೆ ಮೈಮರೆತು ಕಳೆಯುವ ಪ್ರಾಣಿಗೆ ದೇವರು ಇಷ್ಟೊಂದು ದೀರ್ಘ ಆಯಸ್ಸನ್ನು ಯಾಕೆ ಕೊಟ್ಟ ಎಂದು ಅವರು ಬೆರಗಾದರು. ಸಂತೋಷವಿಲ್ಲದ ನಿದ್ದೆಯಲ್ಲಿ ಆಯಸ್ಸು ಪೋಲಾಗುತ್ತಿದೆ ಎಂಬ ಮರುಕ ಅವರದು. ಆದರೆ ಅದೇ ಟಿಪ್ಪಣಿಗಳಲ್ಲಿ ಬೇಸಿಗೆಯ ತಿಮೋತಿಯೂ ಇದೆ. ಬೆಳಗಿನ ಜಾವಕ್ಕೇ ಎದ್ದು ತೋಟವೆಲ್ಲ ಸುತ್ತಿ, ಬೇಲಿಯ ಪ್ರತಿ ಸಂದಿಯನ್ನೂ ಪರೀಕ್ಷಿಸಿ, ತೂರಲು ಜಾಗ ಸಿಕ್ಕರೆ ದೂರದ ಹೊಲಕ್ಕೆ ಹೊರಟುಬಿಡುವ ಆಮೆ. ಸಂಗಾತಿಯನ್ನು ಹುಡುಕುವ ಆಸೆಯಿಂದ ಹೀಗೆ ಮಾಡುತ್ತಿರಬೇಕು ಎಂದು ವೈಟ್ ಊಹಿಸಿದರು. ತಿಮೋತಿ ಹೆಣ್ಣು ಎಂಬುದು ಅದು 1794ರಲ್ಲಿ ಸತ್ತಮೇಲೆ ಚಿಪ್ಪನ್ನು ನೋಡಿದವರಿಗೆ ತಿಳಿಯಿತು. ಅರ್ಧ ಶತಮಾನ ಒಂದು ಹೆಣ್ಣು ಆಮೆ, ತನ್ನ ಜಾತಿಯ ಇನ್ನೊಂದು ಜೀವವನ್ನು ಕಾಣದೆ, ಹೆಸರು ಕೂಡ ಗಂಡಿನದಾಗಿ, ಒಳ್ಳೆಯವರ ಮನೆಯ ತೋಟದಲ್ಲಿ ಬದುಕಿ ತೀರಿಕೊಂಡಿತು. ಸಂತೋಷವಿಲ್ಲದ್ದು ಅದರ ನಿದ್ದೆಯಲ್ಲೋ, ಎಚ್ಚರದಲ್ಲೋ ಎಂದು ಕೇಳುವುದು ನ್ಯಾಯ. ಆ ಕೊರತೆ ದೇವರು ಕೊಟ್ಟದ್ದಲ್ಲ, ಗೋಡೆ ಕಟ್ಟಿದವರು ಕೊಟ್ಟದ್ದು.

ತಿಮೋತಿಯ ಕುರಿತ ಈ ಮಾತುಗಳಿರುವ ವೈಟ್ ಅವರ ಪುಸ್ತಕ ಹೊತ್ತಿರುವ ವರ್ಷ 1789. ಪ್ರಾಣಿಗೆ ತರ್ಕಶಕ್ತಿ ಇದೆಯೇ, ಮಾತು ಬರುತ್ತದೆಯೇ ಎಂದು ನೋಡುವುದನ್ನು ಬಿಟ್ಟು ಅದಕ್ಕೆ ನೋವಾಗುತ್ತದೆಯೇ ಎಂದು ನೋಡಬೇಕೆಂದು ಜೆರೆಮಿ ಬೆಂಥಮ್ ವಾದಿಸಿದ ಗ್ರಂಥ ಹೊರಬಂದದ್ದೂ ಅದೇ ವರ್ಷ. ಆಮೆಯ ವಿಷಯದಲ್ಲಿ ಆ ಪ್ರಶ್ನೆಗೆ ಉತ್ತರ ಸಿಗಲು ಎರಡು ಶತಮಾನ ಬೇಕಾಯಿತು. ಮುಖಭಾವವಿಲ್ಲದ, ಕೂಗದ ಪ್ರಾಣಿ ಎಂದು ಅದನ್ನು ಎಲ್ಲರೂ ಕಡೆಗಣಿಸಿದ್ದರು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಆ್ಯನಾ ವಿಲ್ಕಿನ್ಸನ್ ಮತ್ತು ಸಂಗಡಿಗರು ಕೆಂಪುಕಾಲಿನ ಆಮೆಗಳೊಂದಿಗೆ ಕೆಲಸ ಮಾಡಿ, ಒಂದು ಆಮೆ ಬೇಲಿ ಬಳಸಿ ಆಹಾರದ ಕಡೆ ಹೋಗುವುದನ್ನು ಕಂಡ ಇನ್ನೊಂದು ಆಮೆ ಆ ದಾರಿಯನ್ನು ಕಲಿಯುತ್ತದೆ ಎಂದು 2010ರಲ್ಲಿ ತೋರಿಸಿದರು. ಅದೇ ವಿಶ್ವವಿದ್ಯಾಲಯದಿಂದ 2025ರಲ್ಲಿ ಬಂದ ಅಧ್ಯಯನ, ಇರುವ ಜಾಗ ಚೆನ್ನಾಗಿದ್ದ ಆಮೆಗಳಿಗೆ ದೀರ್ಘವಾಗಿ ಉಳಿಯುವ ಹಿತವಾದ ಮನಃಸ್ಥಿತಿ ಇರುವ ಲಕ್ಷಣಗಳನ್ನು ಗುರುತಿಸಿತು. ಎಂಟಡಿಯ ಆವರಣದಲ್ಲಿ ಮರದ ಬೊಡ್ಡೆ, ಹತ್ತಲು ದಿಬ್ಬ, ಬಗೆಯಲು ಮಣ್ಣು, ತಿನ್ನಬಹುದಾದ ಕಳೆಗಿಡಗಳನ್ನು ಇಡುವುದು ಅಲಂಕಾರಕ್ಕೆ ಎಂದು ಇನ್ನು ಯಾರೂ ಹೇಳುವಂತಿಲ್ಲ.

ಬೆಂಥಮ್‌ಗಿಂತ ನೂರಾರು ವರ್ಷ ಹಿಂದೆಯೇ ಈ ವಿಷಯದಲ್ಲಿ ಇನ್ನೂ ಖಚಿತವಾಗಿ ಯೋಚಿಸಿದವರು ಜೈನರು. ಗೃಹಸ್ಥನ ಅಹಿಂಸಾಣುವ್ರತಕ್ಕೆ ಭಂಗ ತರುವ ಐದು ತಪ್ಪುಗಳನ್ನು ತತ್ತ್ವಾರ್ಥಸೂತ್ರ ಪಟ್ಟಿ ಮಾಡುತ್ತದೆ. ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನನೀರು ತಡೆಯುವುದು ಇವೆಲ್ಲ ಹಿಂಸೆ ಎಂದು ಯಾರಾದರೂ ಒಪ್ಪಿಯಾರು. ಆದರೆ ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಕಟ್ಟಿಹಾಕುವುದು. ಒಂದು ಪೆಟ್ಟೂ ಬೀಳದೆ, ಹೊಟ್ಟೆ ತುಂಬ ತಿಂದು ಇರುವ ಪ್ರಾಣಿಗೂ ಅದರ ಇಷ್ಟದ ಕಡೆ ಹೋಗದಂತೆ ತಡೆದರೆ ಹಿಂಸೆಯಾಯಿತು ಎಂಬುದು ಇಲ್ಲಿನ ನಿಲುವು. ದನಕರು ಸಾಕುವ ಗೃಹಸ್ಥನಿಗೆ ಹಗ್ಗವೇ ಕೂಡದು ಎನ್ನಲಾಗದು. ಅದಕ್ಕಾಗಿ ಗೃಹಸ್ಥರ ನಡತೆಯನ್ನು ಹೇಳುವ ಶ್ರಾವಕಾಚಾರದ ಗ್ರಂಥಗಳು ಕಾರಣವುಳ್ಳ ಕಟ್ಟು, ಕಾರಣವಿಲ್ಲದ ಕಟ್ಟು ಎಂದು ವಿಂಗಡಿಸಿ ಚರ್ಚಿಸುತ್ತವೆ. ಆಮೆಯನ್ನು ಈ ಲೆಕ್ಕದಲ್ಲಿ ಎಲ್ಲಿಡಬೇಕು? ಅದು ಹಾಲು ಕೊಡದು, ಉಳದು, ಮನೆ ಕಾಯದು. ನೋಡುವವರ ಸಂತೋಷವೊಂದೇ ಕಾರಣ. ಅಂಥ ಕಾರಣಕ್ಕೆ ಹೊಸದಾಗಿ ಒಂದು ಜೀವವನ್ನು ಕಾಡಿನಿಂದ ತಂದು ಕಟ್ಟುವುದನ್ನು ಯಾವ ಗ್ರಂಥದ ಬಲದಿಂದಲೂ ಸಮರ್ಥಿಸಲಾಗದು.

ಆಮೆಯನ್ನು ಮೆಚ್ಚಿಕೊಂಡು ಮಾತಾಡುವವರು ಗೀತೆಯ ಎರಡನೇ ಅಧ್ಯಾಯವನ್ನು ನೆನೆಯುವುದು ರೂಢಿ. ಅಂಗಗಳನ್ನು ಒಳಗೆಳೆದುಕೊಳ್ಳುವ ಆಮೆ ಅಲ್ಲಿ ಸ್ಥಿತಪ್ರಜ್ಞನಿಗೆ ಹೋಲಿಕೆ. ಆದರೆ ಆ ಹೋಲಿಕೆಗೆ ಬೆಲೆ ಬರುವುದು ಆಮೆ ತಾನಾಗಿ ಒಳಗೆಳೆದುಕೊಳ್ಳುತ್ತದೆ, ಬೇಕಾದಾಗ ತಾನಾಗಿ ಹೊರಚಾಚುತ್ತದೆ ಎಂಬುದರಿಂದ. ತೊಟ್ಟಿಯ ಮೂಲೆಯಲ್ಲಿ ದಿನವಿಡೀ ತಲೆ ಒಳಗಿಟ್ಟುಕೊಂಡು ಕೂತ ಆಮೆಯನ್ನು ಕಂಡು ಎಷ್ಟು ಶಾಂತ ಪ್ರಾಣಿ ಎಂದು ಮನೆಯವರು ಹೇಳುತ್ತಿರುತ್ತಾರೆ. ಪಶುವೈದ್ಯರಿಗೆ ಅದು ಚಳಿಯ, ಕಾಯಿಲೆಯ, ಇಲ್ಲವೇ ಅಂಜಿಕೆಯ ಲಕ್ಷಣವಾಗಿ ಕಾಣುತ್ತದೆ. ಬಲವಂತದ ಮುದುಡುವಿಕೆಯನ್ನು ವೈರಾಗ್ಯವೆಂದು ಓದುವುದು ಆಮೆಗೂ ಗೀತೆಗೂ ಮಾಡುವ ಅನ್ಯಾಯ.

ಭಕ್ತಿ ಆಮೆಯನ್ನು ಉಳಿಸಿದ ಉದಾಹರಣೆ ಇಲ್ಲದಿಲ್ಲ. ಅಸ್ಸಾಮಿನ ಹಾಜೋದಲ್ಲಿ ಹಯಗ್ರೀವ ಮಾಧವ ದೇವಾಲಯದ ಕೊಳವಿದೆ. ಅಲ್ಲಿನ ಆಮೆಗಳನ್ನು ವಿಷ್ಣುವಿನ ಕೂರ್ಮರೂಪವೆಂದು ಕಂಡು ಜನ ಮುಟ್ಟದೆ ಬಿಟ್ಟರು. ಆ ಕೊಳದಲ್ಲಿರುವ ಕರಿ ಮೆದುಚಿಪ್ಪಿನ ಆಮೆ ಕಾಡಿನಲ್ಲಿ ನಿರ್ನಾಮವಾಗಿದೆ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2002ರಲ್ಲಿ ಘೋಷಿಸಿತ್ತು. ದೇವರ ಕೊಳ ಅದನ್ನು ಕಾಪಾಡಿತು. ಅಲ್ಲಿ ಇಟ್ಟ ಮೊಟ್ಟೆಗಳಿಗೆ ಕಾವು ಕೊಟ್ಟು, ಮರಿಗಳನ್ನು 2019ರಲ್ಲಿ ಪೊಬಿಟೊರಾ ಅಭಯಾರಣ್ಯದ ಬಳಿಯ ನೀರಿಗೆ ಬಿಡಲಾಯಿತು. ಅದೇ ಕೊಳಕ್ಕೆ ಭಕ್ತರು ಬ್ರೆಡ್ಡು, ಬಿಸ್ಕತ್ತು ಎಸೆಯುತ್ತಾರೆ, ಪ್ರೀತಿಯಿಂದಲೇ ಎಸೆಯುತ್ತಾರೆ. ಆಮೆಗೆ ಅದು ಆಹಾರವಲ್ಲ ಎಂದು ತಿಳಿಸುವ ಕೆಲಸ ಅರ್ಚಕರದೂ ಹೌದು, ವಿಜ್ಞಾನಿಗಳದೂ ಹೌದು.

ಕರ್ನಾಟಕಕ್ಕೂ ಕೂರ್ಮನ ನಂಟಿದೆ. ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಗವಿರಂಗಾಪುರ, ದೇಶದಲ್ಲಿ ಕೂರ್ಮಾವತಾರಕ್ಕೆ ಮೀಸಲಾದ ಕೆಲವೇ ಕ್ಷೇತ್ರಗಳಲ್ಲಿ ಒಂದು. ಪೂರ್ವ ಕರ್ನಾಟಕದ ಕುರುಚಲು ಕಾಡು ನಕ್ಷತ್ರ ಆಮೆಯ ಸ್ವಂತ ನೆಲ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರ ಹೊತ್ತ ಆ ಚೆಲುವೇ ಅದಕ್ಕೆ ಶತ್ರುವಾಯಿತು. ಮನೆಯಲ್ಲಿದ್ದರೆ ಹಣ ಕೂಡುತ್ತದೆ ಎಂಬ ನಂಬಿಕೆ ಇನ್ನೊಂದು ಶತ್ರು. ಹೊರದೇಶದ ಸಾಕುಪ್ರಾಣಿ ಮಾರುಕಟ್ಟೆಗೆ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ತುಂಬಿ ಸಾಗಿಸುವವರು ಪದೇ ಪದೇ ಸಿಕ್ಕಿಬಿದ್ದಿದ್ದಾರೆ. ಸಿಂಗಪುರಕ್ಕೆ ಹೀಗೆ ಸೇರಿದ್ದ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರಿನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ವಾಪಸು ತರಲಾಯಿತು. ಮಂದರ ಪರ್ವತವನ್ನು ಬೆನ್ನ ಮೇಲೆ ಹೊತ್ತವನನ್ನು ಪೂಜಿಸುವ ನಾಡಿನಲ್ಲಿ ಅವನ ರೂಪದ ಜೀವವನ್ನು ಅದೃಷ್ಟಕ್ಕಾಗಿ ಅಲಮಾರಿನ ಮೇಲಿನ ಬಕೆಟ್ಟಿನಲ್ಲಿ ಇಡುವುದು ಭಕ್ತಿಯ ಯಾವ ಅರ್ಥಕ್ಕೂ ಹೊಂದುವುದಿಲ್ಲ.

ಹೊಣೆ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಆಮೆಯ ಆಯಸ್ಸೇ ಉತ್ತರ ಕೊಡುತ್ತದೆ. ಹರ್ಮನ್ ಆಮೆ ಚೆನ್ನಾಗಿ ಸಾಕಿದರೆ ಐವತ್ತು ವರ್ಷ ದಾಟುತ್ತದೆ. ಸಲ್ಕಾಟಾ ಮೊಟ್ಟೆಯೊಡೆದು ಬರುವಾಗ ಅಂಗೈಯಲ್ಲಿ ಹಿಡಿಸುತ್ತದೆ, ಉದ್ದ ಸುಮಾರು ಐದು ಸೆಂಟಿಮೀಟರ್. ಬೆಳೆದ ಗಂಡು 45 ಕಿಲೋ ಮೀರಬಹುದು, ನೆಲದಲ್ಲಿ ಆಳವಾದ ಬಿಲ ತೋಡುತ್ತದೆ, ಬೇಲಿಯನ್ನು ತಳ್ಳಿ ಬೀಳಿಸುತ್ತದೆ. ಅಮೆರಿಕದ ಅರಿಜೋನಾ, ಕ್ಯಾಲಿಫೋರ್ನಿಯಾಗಳ ರಕ್ಷಣಾ ಕೇಂದ್ರಗಳಿಗೆ ಇಂಥ ಆಮೆಗಳು ಬಂದು ಸೇರುತ್ತಲೇ ಇರುತ್ತವೆ, ಅಂಗೈಯ ಮರಿಯನ್ನು ಕೊಂಡವರು ಬೆಳೆದ ಆಮೆಯನ್ನು ಊಹಿಸಿಕೊಂಡಿರಲಿಲ್ಲ. ಸೇಂಟ್ ಹೆಲೆನಾ ದ್ವೀಪದ ರಾಜ್ಯಪಾಲರ ನಿವಾಸದಲ್ಲಿರುವ ಜೊನಾಥನ್ ಎಂಬ ದೈತ್ಯ ಆಮೆ ಅಲ್ಲಿಗೆ ಬಂದದ್ದು 1882ರಲ್ಲಿ, ಆಗಲೇ ಬೆಳೆದ ಪ್ರಾಣಿಯಾಗಿ. ಈಗ ಅದಕ್ಕೆ ಕಣ್ಣು ಕಾಣದು, ವಾಸನೆ ತಿಳಿಯದು. ಹುಲ್ಲನ್ನೇ ನಂಬಿದರೆ ಪೋಷಣೆ ಸಾಲದೆಂದು ಪಶುವೈದ್ಯರು ಹಣ್ಣು ತರಕಾರಿಗಳನ್ನು ಕೈಯಿಂದ ತಿನ್ನಿಸುತ್ತ ಬಂದಿದ್ದಾರೆ. ತಂದವರು ಯಾರೂ ಉಳಿದಿಲ್ಲ, ಹೊಣೆ ಮಾತ್ರ ಒಬ್ಬರಿಂದ ಒಬ್ಬರಿಗೆ ಸಾಗುತ್ತ ಬಂದಿದೆ.

ಹಾಗಾದರೆ ಆಮೆ ಸಾಕುವುದೇ ತಪ್ಪೆ? ಸಾಕುಪ್ರಾಣಿ ಎಂಬ ವ್ಯವಸ್ಥೆಯೇ ಬೇಡ ಎನ್ನುವ ಅಮೆರಿಕದ ಚಿಂತಕ ಗ್ಯಾರಿ ಫ್ರಾನ್ಸಿಯೋನ್ ಕೂಡ, ಈಗಾಗಲೇ ಮನುಷ್ಯರನ್ನು ನಂಬಿ ಬದುಕಿರುವ ಪ್ರಾಣಿಗಳನ್ನು ಕೊನೆಯವರೆಗೆ ನೋಡಿಕೊಳ್ಳಲೇಬೇಕು ಎನ್ನುತ್ತಾರೆ, ಹಾಗೆ ನೋಡಿಕೊಂಡೂ ಇದ್ದಾರೆ. ಯುದ್ಧಾನಂತರದ ದಶಕಗಳಲ್ಲಿ ಮೆಡಿಟರೇನಿಯನ್ ಕಡೆಯಿಂದ ಬ್ರಿಟನ್ನಿಗೆ ಬಂದಿಳಿದ ಅಪಾರ ಸಂಖ್ಯೆಯ ಕಾಡು ಆಮೆಗಳಲ್ಲಿ ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಸತ್ತವು. 1984ರಲ್ಲಿ ಯುರೋಪಿನ ಕಾನೂನು ಆ ವ್ಯಾಪಾರವನ್ನು ನಿಲ್ಲಿಸಿತು. ಈಗ ಅಲ್ಲಿರುವವು ಉಳಿದುಬಂದವು ಮತ್ತು ಸೆರೆಯಲ್ಲಿ ಹುಟ್ಟಿದವು, ಹಿಂದಿರುಗಲು ಅವಕ್ಕೆ ಕಾಡಿಲ್ಲ. ಅವುಗಳಿಗೆ ವಿಶಾಲವಾದ ಆವರಣ, ನಿಜವಾದ ಕಿರಣ, ತೇವದ ಮಣ್ಣು ಕೊಡುವುದು ಉಪಕಾರ ಅಲ್ಲ, ತೀರಿಸಬೇಕಾದ ಸಾಲ. ಬ್ರಿಟನ್, ಅಮೆರಿಕಗಳಲ್ಲಿ ಕಾನೂನುಬದ್ಧವಾಗಿ ಆಮೆ ಸಾಕಿರುವ ಕನ್ನಡಿಗರೂ ಮುಂದೆ ಅದನ್ನು ನೋಡಿಕೊಳ್ಳುವವರು ಯಾರೆಂದು ಈಗಲೇ ಕೇಳಿ ಒಪ್ಪಿಸಿ, ಉಯಿಲಿನಲ್ಲಿ ಬರೆದಿಡಬೇಕು.

ಇಲ್ಲಿ, ಕರ್ನಾಟಕದಲ್ಲಿ ಮಾಡಬೇಕಾದದ್ದು ಬೇರೆ. ನಕ್ಷತ್ರ ಆಮೆಗೆ ಮನೆಯಲ್ಲಿ ಎಷ್ಟೇ ಒಳ್ಳೆಯ ಆವರಣ ಕಟ್ಟಿದರೂ ಅದು ಅಪರಾಧ. 2019ರಲ್ಲಿ ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಆ ಆಮೆ ಸೇರಿತು. 2022ರ ತಿದ್ದುಪಡಿಯ ನಂತರ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲೂ ಇದೆ, ಆ ಅನುಸೂಚಿಯ ಪ್ರಾಣಿಗಳ ವಿಷಯದ ಅಪರಾಧಕ್ಕೆ ಕನಿಷ್ಠ ಮೂರು ವರ್ಷ ಜೈಲು. ಸೈಟಿಸ್ ಪಟ್ಟಿಯಲ್ಲಿರುವ ವಿದೇಶಿ ಆಮೆ ಇದ್ದರೆ 2024ರ ನಿಯಮಗಳಂತೆ ನೋಂದಾಯಿಸಬೇಕು, ಹುಟ್ಟು ಸಾವುಗಳನ್ನೂ ತಿಳಿಸಬೇಕು. ಮನೆಯಲ್ಲೋ ಪರಿಚಿತರ ಬಳಿಯೋ ನಕ್ಷತ್ರ ಆಮೆ ಇದ್ದರೆ ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಲುಪಿಸಿ. ನೀವೇ ಒಯ್ದು ಯಾವುದೋ ಪಾರ್ಕಿನಲ್ಲೋ ಗುಡ್ಡದಲ್ಲೋ ಬಿಡಬೇಡಿ. ಸೆರೆಯಲ್ಲಿದ್ದ ಆಮೆಯಿಂದ ಕಾಡಿನ ಆಮೆಗಳಿಗೆ ರೋಗ ಅಂಟಬಹುದು, ಅದನ್ನು ಪರೀಕ್ಷಿಸಿ ಸರಿಯಾದ ನೆಲದಲ್ಲಿ ಬಿಡುವ ಕೆಲಸ ಬಲ್ಲವರದು.